ಯಾರ ಬಳಿ ಇದೆ, ಯಾರಿಗೆ ಗೊತ್ತು

ಜುಲೈ 16, 2023, ಭಾನುವಾರ. ಎಡಿಸನ್, ನ್ಯೂಜೆರ್ಸಿ

ಸಾಮಾನು ಕಟ್ಟುತ್ತಿದ್ದಾಗ ಪಕ್ಕದ ಮನೆಯ ಯಜಮಾನರು ಬಂದು ಕೂತರು. ಚಳಿಗಾಲದಲ್ಲಿ ಜಿಂಕೆ ಬೇಟೆಗೆ ಹೋಗುವವರು. ನಾವು ಹೊರಟಿರುವುದು ಟೆಕ್ಸಾಸಿಗೆ ಎಂದ ಮೇಲೆ ಮಾತು ಬಂದೂಕಿನ ಕಡೆಗೇ ಹೊರಳಿತು. ಇಲ್ಲಿ ಬಂದೂಕು ಕೊಳ್ಳಬೇಕಾದರೆ ಮೊದಲು ಪೊಲೀಸರಿಂದ ಗುರುತಿನ ಕಾರ್ಡು ಪಡೆಯಬೇಕು. ಬೆರಳಚ್ಚು ಕೊಡಬೇಕು, ನಡತೆ ಸರಿಯಿದೆ ಎಂದು ಪರಿಚಯದವರು ಬರೆದುಕೊಡಬೇಕು. ಪಿಸ್ತೂಲಾದರೆ ಒಂದೊಂದಕ್ಕೂ ಬೇರೆ ಪರವಾನಗಿ, ಅದೂ 30 ದಿನಕ್ಕೆ ಒಂದೇ. ಜೊತೆಯಲ್ಲಿಟ್ಟುಕೊಂಡು ಓಡಾಡುವ ಪರ್ಮಿಟ್ಟಂತೂ ಕಳೆದ ವರ್ಷ ಸುಪ್ರೀಂ ಕೋರ್ಟ್ ತೀರ್ಪು ಬರುವ ತನಕ ಸಾಮಾನ್ಯರಿಗೆ ಸಿಕ್ಕುತ್ತಲೇ ಇರಲಿಲ್ಲ. "ಕಿರಿಕಿರಿ ಹೌದು. ಆದರೆ ನನ್ನ ಹತ್ತಿರ ಏನಿದೆ ಅಂತ ಠಾಣೆಗೆ ಗೊತ್ತು, ನಿಮಗೂ ಗೊತ್ತು" ಎಂದರು.

2013ರ ಫಿಲಡೆಲ್ಫಿಯಾದ ಹೆಂಗಸಿನ ಕಥೆಯನ್ನೂ ಅವರೇ ನೆನಪಿಸಿದರು. ಎರಡು ಮಕ್ಕಳ ತಾಯಿ, ಪೆನ್ಸಿಲ್ವೇನಿಯಾದ ಲೈಸೆನ್ಸ್ ಇಟ್ಟುಕೊಂಡಿದ್ದವಳು. ಈ ಕಡೆಗೆ ಬಂದಾಗ ಪೊಲೀಸರು ಕಾರು ನಿಲ್ಲಿಸಿದರು, ತನ್ನ ಬಳಿ ಪಿಸ್ತೂಲಿದೆ ಎಂದು ತಾನಾಗಿಯೇ ಹೇಳಿದಳು. ಕನಿಷ್ಠ ಮೂರು ವರ್ಷ ಜೈಲಾಗುವ ಕೇಸು ಬಿತ್ತು. ಕೊನೆಗೆ 2015ರಲ್ಲಿ ಗವರ್ನರ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು. ಡ್ರೈವಿಂಗ್ ಲೈಸೆನ್ಸ್ ಐವತ್ತು ರಾಜ್ಯಗಳಲ್ಲೂ ನಡೆಯುತ್ತದೆ. ಪಿಸ್ತೂಲಿನದು ಡೆಲವೇರ್ ನದಿ ದಾಟಿದರೆ ನಡೆಯದು. ನಿಜ ಹೇಳಿದವಳನ್ನು ಹಾಗೆ ಸಿಕ್ಕಿಸಿದ್ದು ಅನ್ಯಾಯವೇ. ಕಾನೂನು ಬಿಗಿಯಾಗಿರಬೇಕು ಎನ್ನುವ ನನಗೂ ಅದನ್ನು ಸಮರ್ಥಿಸಲು ಮನಸ್ಸು ಬರುವುದಿಲ್ಲ.

ಆಗಸ್ಟ್ 12, ಶನಿವಾರ. ಪ್ಲೇನೋ, ಟೆಕ್ಸಾಸ್

ಅಂಗಡಿ ಬಾಗಿಲುಗಳ ಮೇಲೆ ಉದ್ದುದ್ದದ ಬೋರ್ಡುಗಳು, ಇಂಗ್ಲಿಷಿನಲ್ಲಿ ಒಮ್ಮೆ, ಸ್ಪ್ಯಾನಿಷಿನಲ್ಲಿ ಒಮ್ಮೆ. ಇಂದು ನಿಂತು ಪೂರ್ತಿ ಓದಿದೆ. ಲೈಸೆನ್ಸ್ ಇದ್ದವರು ಬಟ್ಟೆಯೊಳಗೆ ಪಿಸ್ತೂಲಿಟ್ಟುಕೊಂಡು ಬರಬಾರದು ಎನ್ನಲು ಕಾನೂನಿನ ಸೆಕ್ಷನ್ 30.06, ಕಾಣುವಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬರಬಾರದು ಎನ್ನಲು 30.07, ಲೈಸೆನ್ಸ್ ಇಲ್ಲದವರನ್ನು ತಡೆಯಲು 30.05. ಅಕ್ಷರ ಒಂದಂಗುಲಕ್ಕಿಂತ ಚಿಕ್ಕದಿರಬಾರದು ಎಂಬ ನಿಯಮವೂ ಇದೆ. 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಅಡ್ಡಿಯಿಲ್ಲದ 21 ತುಂಬಿದವರು ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಬೋರ್ಡಿಲ್ಲದ ಅಂಗಡಿಯಲ್ಲಿ ಹಾಲು, ಮೊಸರು ಎತ್ತಿಕೊಳ್ಳುವಾಗ ಪಕ್ಕದವರ ಸೊಂಟದ ಕಡೆ ಕಣ್ಣು ಹೋಗುತ್ತದೆ.

ಆಗಸ್ಟ್ 20, ಭಾನುವಾರ

ಆಲೆನ್‌ನ ಔಟ್‌ಲೆಟ್ ಮಾಲ್ ದಾಟಿ ಬಂದೆವು. ಮೇ 6ರಂದು ಅಲ್ಲಿ ಒಬ್ಬ ಎಂಟು ಜನರನ್ನು ಗುಂಡಿಟ್ಟು ಕೊಂದ. ಸತ್ತವರಲ್ಲಿ ಮಕ್ಕಳೂ ಇದ್ದರು, ಹೈದರಾಬಾದಿನ ಕಡೆಯ ಎಂಜಿನಿಯರ್ ಹುಡುಗಿಯೂ ಇದ್ದಳು. ಎದುರು ಮನೆಯವರು ಆ ವಾರವೇ ಮೊದಲ ಪಿಸ್ತೂಲು ಕೊಂಡರಂತೆ. ಎಡಿಸನ್ನಿನ ಗೆಳತಿಯರು ಅದೇ ವಾರ ಇನ್ನೂ ಬಿಗಿ ಕಾನೂನು ಬೇಕೆಂದು ಶಾಸಕರಿಗೆ ಕಾಗದ ಬರೆಯುತ್ತಿದ್ದರು. ಇಬ್ಬರ ಭಯವೂ ಮಕ್ಕಳಿಗಾಗಿಯೇ.

ಸೆಪ್ಟೆಂಬರ್ 3, ಭಾನುವಾರ

ವಿರಾಜಪೇಟೆ ಕಡೆಯವರ ಮನೆಯಲ್ಲಿ ಕೈಲ್ ಪೊಳ್ದ್, ಕೊಡವರ ಆಯುಧಪೂಜೆಯ ಹಬ್ಬ. ಕಡಂಬುಟ್ಟು, ಪಂದಿ ಕರಿ. ದೀಪದ ಮುಂದೆ ಪೀಚೆಕತ್ತಿ ಮತ್ತು ಒಂದು ಕೋವಿ, ನಳಿಕೆಯ ತುದಿಗೆ ಹೂವು. ಊರಿನ ತೋಕ್ ಪೂ ಇಲ್ಲೆಲ್ಲಿ ಸಿಕ್ಕೀತು, ಅಂಗಡಿಯ ಚೆಂಡು ಹೂವೇ. ಕೊಡವರಿಗೆ ಊರಲ್ಲಿ ಕೋವಿಗೆ ಲೈಸೆನ್ಸ್ ಬೇಡ. ಬ್ರಿಟಿಷರ ಕಾಲದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. "ಆದರೂ ಅಕ್ಕಾ, ಯಾರ ಮನೆಯಲ್ಲಿ ಯಾವ ಕೋವಿ ಅಂತ ಊರಿಗೆಲ್ಲಾ ಗೊತ್ತು. ಕುಡಿದು ಮುಟ್ಟಿದರೆ ಹಿರಿಯರು ಕಿತ್ತಿಟ್ಟುಕೊಳ್ತಾರೆ. ಇಲ್ಲಿ ಅಂಗಡಿಯಲ್ಲಿ ಫಾರಂ ತುಂಬಿದೆ, ಕಂಪ್ಯೂಟರಲ್ಲಿ ಹಳೇ ಕೇಸು ಇದೆಯಾ ಅಂತ ನೋಡಿದರು, ಊಟದ ಹೊತ್ತಿಗೆ ಕೈಗೆ ಬಂತು. ನಾಳೆ ನಾನೇ ಯಾರಿಗಾದರೂ ಮಾರಿದರೆ ಆ ವಿಚಾರಣೆಯೂ ಇಲ್ಲ" ಎಂದ ಆ ಮನೆಯ ಹುಡುಗ. ಪೂಜೆ ಮುಗಿದ ಕೂಡಲೇ ಕೋವಿ ಉಕ್ಕಿನ ಪೆಟ್ಟಿಗೆಗೆ ಹೋಯಿತು. ಮಕ್ಕಳು ಊಟಕ್ಕೆ ಕೂರುವ ಮೊದಲೇ ಬೀಗ ಹಾಕಿದ್ದು ನೋಡಿ ಆ ಹುಡುಗನ ಮೇಲೆ ಗೌರವ ಹುಟ್ಟಿತು.

ಅಕ್ಟೋಬರ್ 11, ಬುಧವಾರ

ಆಸ್ಪತ್ರೆಯಲ್ಲಿ ಖಿನ್ನತೆಗೆ ಚಿಕಿತ್ಸೆ ಪಡೆದವರನ್ನು ಮನೆಗೆ ಕಳಿಸುವ ಮೊದಲು ನಾನು ಕೇಳಲೇಬೇಕಾದ ಪ್ರಶ್ನೆ: ಮನೆಯಲ್ಲಿ ಗನ್ ಇದೆಯೇ? ಇಂದು 19ರ ಹುಡುಗನನ್ನು ಕರೆದೊಯ್ಯಲು ಬಂದ ತಂದೆ, ನಾನು ಕೇಳಿದ್ದೇ ಸೋಜಿಗವೆಂಬಂತೆ, "ಇದೆಯಲ್ಲ, ಟ್ರಕ್ಕಿನಲ್ಲೊಂದು, ಮಂಚದ ಪಕ್ಕ ಒಂದು, ಉಳಿದವು ಗ್ಯಾರೇಜಿನಲ್ಲಿ" ಎಂದರು.

ಆಲೆನ್ ಮಾಲಿನಲ್ಲಿ ನಡೆದಂಥ ಘಟನೆಗಳೇ ಸುದ್ದಿಯಾಗುತ್ತವೆ. ಆದರೆ ಈ ದೇಶದಲ್ಲಿ ಗುಂಡಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. 2021ರ ಲೆಕ್ಕದಲ್ಲಿ ಲಕ್ಷ ಜನರಿಗೆ ನ್ಯೂಜೆರ್ಸಿಯಲ್ಲಿ ಗುಂಡಿನಿಂದಾದ ಒಟ್ಟು ಸಾವು ಸುಮಾರು 5, ಟೆಕ್ಸಾಸಿನಲ್ಲಿ 15ಕ್ಕೂ ಮೇಲೆ. ನ್ಯೂಜೆರ್ಸಿಯಲ್ಲಿ 2019ರ ಸೆಪ್ಟೆಂಬರಿನಿಂದ ಮನೆಯವರೇ ಕೋರ್ಟಿಗೆ ಹೋಗಿ, ಅಪಾಯದಲ್ಲಿರುವವರ ಬಂದೂಕನ್ನು ಸ್ವಲ್ಪ ಕಾಲ ತೆಗೆದಿಡಿಸಬಹುದು. ಇಲ್ಲಿ ಆ ಕಾನೂನಿಲ್ಲ. ಬರಬೇಕೆಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅಲ್ಲಿಯ ತನಕ ನಮ್ಮ ಕೈಲಿರುವುದು ಬಾಯಿಮಾತು ಒಂದೇ.

ಮಗ ಚೇತರಿಸಿಕೊಳ್ಳುವ ತನಕ ಎಲ್ಲವೂ ಬೇರೆಯವರ ಮನೆಯಲ್ಲಿರಲಿ ಎಂದೆ. ತಂದೆ ಕಾರಿಡಾರಿನಿಂದಲೇ ತಮ್ಮನಿಗೆ ಫೋನ್ ಮಾಡಿದರು. ಸಂಜೆಗೇ ಬಂದು ಒಯ್ಯುತ್ತಾನಂತೆ. ಮಂಚದ ಪಕ್ಕದ್ದನ್ನು ಮಾತ್ರ ಕೊಡಲು ಒಪ್ಪಲಿಲ್ಲ. ವಾದಿಸಿದ್ದರೆ ಉಳಿದವೂ ಮನೆಯಲ್ಲೇ ಉಳಿಯುತ್ತಿದ್ದವೋ ಏನೋ. ಡ್ರಾಯರಿನಿಂದ ಕೇಬಲ್ ಬೀಗ ತೆಗೆದು, ಗುಂಡು ಪೂರ್ತಿ ಖಾಲಿ ಮಾಡಿ ತಂತಿಯನ್ನು ಪಿಸ್ತೂಲಿನೊಳಗಿಂದ ಹೇಗೆ ಪೋಣಿಸಬೇಕೆಂದು ಚಿತ್ರದಲ್ಲಿ ತೋರಿಸಿದೆ. ಕೀಲಿ ಹೆಂಡತಿಯ ಹತ್ತಿರ, ಗುಂಡುಗಳು ತಮ್ಮನ ಮನೆಯಲ್ಲಿ. ಇಷ್ಟಕ್ಕೆ ಒಪ್ಪಿದರು. ಶುಕ್ರವಾರ ಫೋನ್ ಮಾಡಿ ವಿಚಾರಿಸಬೇಕು.