ಹಾಜರಿ ನಾನೇ ಹಾಕ್ಬುಟ್ಟಿದ್ದೆ

ಈ ವಿಷ್ಯ ಬರೀಬೇಕೋ ಬೇಡ್ವೋ ಅಂತ ಬಾಳ ದಿನ ಯೋಚ್ನೆ ಮಾಡ್ದೆ. ನಮ್ಮ ಬೀದಿ ಹೆಂಗಸ್ರಿಗೆ ಅರ್ಧ ಗೊತ್ತು. ಇನ್ನರ್ಧ ನಾನು ಯಾರ್ಗೂ ಹೇಳಿರ್ಲಿಲ್ಲ.

2020ರ ಮಾರ್ಚಲ್ಲಿ ಸ್ಕೂಲೆಲ್ಲ ಮುಚ್ಚುದ್ರಲ್ಲ, ಜುಲೈ ಹೊತ್ಗೆ ಚಂದನ ಟೀವೀಲಿ ಹೈಸ್ಕೂಲ್ ಮಕ್ಳಿಗೆ ಪಾಠ ಶುರುವಾಯ್ತು. ಮನೇಲಿ ಬರಿಯೋದೆಲ್ಲ ಫೋನಿಗೆ ಬರೋದು. ಪಕ್ಕದ್ಮನೆ ಹುಡ್ಗಿ ಆಗ ಒಂಬತ್ನೇ ಕ್ಲಾಸು. ಅವ್ರ ಮನೇಲಿದ್ದಿದ್ದು ಗುಂಡಿ ಒತ್ತೋ ಫೋನೊಂದೇ. "ದೊಡ್ಡಮ್ಮ, ನಿಮ್ ನಂಬರ್ ಕೊಡ್ಲಾ?" ಅಂದ್ಳು. ಕೊಡವ್ವ ಅಂದೆ. ಅಲ್ಲಿಗೆ ಅವ್ಳು ಸ್ಕೂಲ್ ಲೆಕ್ಕದಲ್ಲಿ ನೆಟ್ ಇರೋ ಮನೆ ಮಗು ಆದ್ಳು.

ಬೆಳಗ್ಗೆ ಗ್ರೂಪಿಗೆ "ಹಾಜರಿ ಹಾಕಿ" ಅಂತ ಬರೋದು. ಮಕ್ಳು ಹೆಸ್ರು ಬರ್ದು "ಪ್ರೆಸೆಂಟ್ ಸರ್" ಅಂತ ಹಾಕೋವು. ಸಿಗ್ನಲ್ ಸಿಗೋದು ನಮ್ಮ ತಾರ್ಸಿ ಮೇಲೆ ಮಾತ್ರ. ಒಂದು ಕೈಲಿ ಫೋನು, ಇನ್ನೊಂದ್ರಲ್ಲಿ ಛತ್ರಿ ಹಿಡ್ಕಂಡು, ಹಿನ್ನೀರಿನ ಕಡೆ ತಿರುಗ್ಕಂಡು ನಿಂತಿರೋಳು.

ಆಮೇಲೆ ಆಲೂಗಡ್ಡೆ ಕೀಳೋ ಕಾಲ ಬಂತು. ಅವ್ರಪ್ಪಂಗೆ ಕೆಲ್ಸ ನಿಂತೋಗಿತ್ತು. ಒಂದಿನ ಬೆಳಕರಿಯೋ ಮುಂಚೆನೇ ಬಂದು "ದೊಡ್ಡಮ್ಮ, ಅವ್ವನ ಜೊತೆ ಕೂಲಿಗೆ ಹೋಗ್ತಿದೀನಿ, ಇವತ್ತೊಂದಿನ ನೀವೇ ಹಾಕ್ಬಿಡಿ" ಅಂದ್ಳು. ಹಾಕ್ದೆ. ಆ ಕಡೆಯಿಂದ ಹೆಬ್ಬೆಟ್ಟಿನ ಚಿತ್ರ ಬಂತು. ಒಂದಿನ ಅಂದಿದ್ದು ಮೂರು ವಾರ ಆಯ್ತು. ದಿನಾ ಹೆಬ್ಬೆಟ್ಟು ಬರ್ತಾನೇ ಇತ್ತು. ನಾನೇನೋ ದೊಡ್ಡ ಉಪ್ಕಾರ ಮಾಡ್ತಿದೀನಿ ಅನ್ಕಂಡಿದ್ದೆ ಕಣ್ರೀ.

ಪಾಠ ಮಾತ್ರ ನಾನು ಬಿಡ್ಲಿಲ್ಲ. ಅಕ್ಕಿ ಆರಿಸ್ಕಂತ ಚಂದನ ಹಾಕ್ಕಂಡು ಕೂರ್ತಿದ್ದೆ. ಪಿಯುಸಿಗೆ ಬಿಟ್ಟ ಓದು. ಸಮಾಜ ಚೆನ್ನಾಗಿ ಅರ್ಥ ಆಗೋದು, ಗಣಿತ ಆಗ್ಲೂ ಹತ್ಲಿಲ್ಲ ಈಗ್ಲೂ ಹತ್ಲಿಲ್ಲ. ಹಾಜರಿ ಅವ್ಳ ಹೆಸ್ರಲ್ಲಿ, ಕೇಳ್ಸ್ಕಂತಿದ್ದೋಳು ನಾನು.

ದೂರದ ಓದು ಅಂದ್ರೆ ನಂಗೆ ನಮ್ಮ ಅತ್ತಿಗೆ ಜ್ಞಾಪಕ. ಮದ್ವೆಯಾದ್ಮೇಲೆ ಮೈಸೂರು ಯೂನಿವರ್ಸಿಟಿ ಅಂಚೆ ಶಿಕ್ಷಣದಲ್ಲಿ ಬಿ.ಎ. ಕಟ್ಟಿದ್ರು. 1969ರಲ್ಲಿ ಶುರುವಾಗಿದ್ದದು, 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯ ಆಯ್ತು. ಪಾಠ ಪೋಸ್ಟಲ್ಲಿ ಬರೋದು. ಎಲ್ರಿಗೂ ಮುದ್ದೆ ಇಕ್ಕಿ, ಪಾತ್ರೆ ತೊಳ್ದು, ಆಮೇಲೆ ಲಾಟೀನ್ ಮುಂದೆ ಕೂರೋರು. ಅವ್ರ ಹೆಸ್ರು ಕೂಗೋರು ಯಾರೂ ಇರ್ಲಿಲ್ಲ. ಆದ್ರೆ ಬರ್ದು ಕಳ್ಸಿದ ಉತ್ರ ಕೆಂಪು ಇಂಕಲ್ಲಿ ತಿದ್ದಿ ವಾಪಸ್ ಬಂದಾಗ, ಪಕ್ಕದಲ್ಲಿ ಬರ್ದಿರೋ ಒಂದ್ಸಾಲ್ನ ನಂಗೆ ಎರಡೆರಡು ಸಲ ಓದಿ ಹೇಳೋರು. ನನ್ನ ಹೆಬ್ಬೆಟ್ಟಲ್ಲಿ ಅಂಥದ್ದೇನೂ ಇರ್ಲಿಲ್ಲ.

ಆಗಸ್ಟಲ್ಲಿ ವಿದ್ಯಾಗಮ ಅಂತ ಬಂತಲ್ಲ, ಮೇಷ್ಟ್ರುಗಳೇ ಊರೂರಿಗೆ ಬಂದು ಮರದ್ಕೆಳಗೆ, ಗುಡಿ ಜಗ್ಲೀಲಿ ಪಾಠ ಹೇಳೋದು. ನಮ್ಮ ಕಡೆಗೂ ಒಬ್ರು ಬಂದ್ರು. ಮಕ್ಳನ್ನ ದೂರದೂರ ಕೂರ್ಸಿ ಹೆಸ್ರು ಕೂಗಿದ್ರು. ಇವ್ಳ ಹೆಸ್ರಿಗೆ ಉತ್ರ ಇಲ್ಲ. "ದಿನಾ ಪ್ರೆಸೆಂಟ್ ಹಾಕ್ತಾಳಲ್ಲ, ಎಲ್ಲಿ?" ಅಂದ್ರು. ಮಕ್ಳು ಮುಖ ಮುಖ ನೋಡ್ಕಂಡ್ವು. ನಾನು ಹೂ ಕೊಡೋಕೆ ಗುಡಿಗೆ ಹೋಗಿದ್ದೋಳು ಅಲ್ಲೇ ನಿಂತ್ಬುಟ್ಟೆ. ಸೆರಗಿನ ತುದಿ ಹಿಡ್ಕಂಡು ಎಲ್ಲಾ ಹೇಳ್ದೆ.

ಬಯ್ತಾರೆ ಅನ್ಕಂಡಿದ್ದೆ. ಬಯ್ಲಿಲ್ಲ. "ಅವ್ಳು ಇಲ್ಲ ಅಂತ ಕಂಡಿದ್ರೆ ಮೊದ್ಲೇ ಬರ್ತಿದ್ನಲ್ಲಮ್ಮ" ಅಂದ್ರು ಅಷ್ಟೇ.

ಆವತ್ತು ಸಂಜೆ ಅವ್ರು ಹೊಲದಿಂದ ಬರೋ ತನ್ಕ ಕಾದು ಅವ್ರಪ್ಪನ ಹತ್ರ ಮಾತಾಡ್ದ್ರು. ಇನ್ಯಾಕೆ ಓದು, ಗಾರ್ಮೆಂಟ್ಸಿಗೆ ಕಳಿಸ್ತೀನಿ ಅನ್ನೋ ತನ್ಕ ಹೋಗಿತ್ತಂತೆ ಅವ್ರ ಮನೆ ಮಾತು. ನಂಗೆ ಗೊತ್ತೇ ಇರ್ಲಿಲ್ಲ. ಕೊರೋನಾ ಅಂತ ಅಕ್ಟೋಬರಲ್ಲಿ ವಿದ್ಯಾಗಮನೂ ನಿಲ್ಸಿದ್ರು. ಆದ್ರೆ ಆ ಮೇಷ್ಟ್ರು ಆಗಾಗ ಆ ಗುಂಡಿ ಫೋನಿಗೇ ಮಾಡಿ ಅವ್ಳ ಬಾಯಲ್ಲೇ ಉತ್ರ ಹೇಳ್ಸೋರು.

ಹುಡ್ಗಿ ಪಿಯುಸಿ ಮುಗಿಸಿ ಗಾರ್ಮೆಂಟ್ಸಿಗೂ ಹೋದ್ಳು ಅನ್ನಿ. ಈಗ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಕಟ್ತೀನಿ ಅಂತ ಅರ್ಜಿ ತುಂಬೋಕೆ ನಮ್ಮನೆಗೇ ಬಂದಿದ್ಳು. ಮೊಬೈಲ್ ನಂಬರ್ ಬರಿಯೋ ಜಾಗ ಬಂದಾಗ ನನ್ಮುಖ ನೋಡಿ ನಕ್ಳು.

"ನಿಂದೇ ಹಾಕವ್ವ" ಅಂದೆ.