ಕ್ಲಾರ್ಕ್ ಏನು ಹೇಳಿದನೋ ಯಾರಿಗೆ ಗೊತ್ತು

ಭಾಂಡುಪ್ ಪಶ್ಚಿಮ, ಮುಂಬಯಿ

ಪ್ರೀತಿಯ ಮೈತ್ರಿ,

ನಿನ್ನ ರೈಲು ಪುಸ್ತಕದ ಮೊದಲ ಅಧ್ಯಾಯ ಓದಿದೆ. ಎಲ್ಲರೂ ಬೋರಿ ಬಂದರಿನಿಂದ ಶುರು ಮಾಡುವ ಕಥೆಯನ್ನು ನೀನು ನಮ್ಮ ಭಾಂಡುಪಿನಿಂದ ಶುರು ಮಾಡಿದ್ದೀ. ಎಷ್ಟು ಖುಷಿಯಾಯಿತು ಅಂತೀ! ಮುಂಬಯಿ ಸರ್ಕಾರದ ಮುಖ್ಯ ಎಂಜಿನಿಯರ್ ಜಾರ್ಜ್ ಕ್ಲಾರ್ಕ್ 1843ರಲ್ಲಿ ಇಲ್ಲಿಗೆ ಬಂದಿದ್ದಾಗ, ಮುಂಬಯಿಯಿಂದ ಠಾಣೆ, ಕಲ್ಯಾಣ, ಅಲ್ಲಿಂದ ಘಟ್ಟಗಳವರೆಗೆ ರೈಲು ಹಾಕುವ ಯೋಚನೆ ಅವನಿಗೆ ಮೊದಲು ಹೊಳೆಯಿತು ಎಂದು ರೈಲ್ವೆಯವರ ಇತಿಹಾಸವೇ ಹೇಳುತ್ತದೆ. ದಿನಾ ಲೋಕಲ್ ಹತ್ತಿಳಿಯುವ ನಮ್ಮ ಬಿಲ್ಡಿಂಗಿನ ಮಕ್ಕಳು ಇದನ್ನು ಕೇಳಿಯೇ ಇಲ್ಲ.

ಆದರೆ ಆ ಉಪ್ಪಿನ ಆಗರದ ಹುಡುಗ? ಕ್ಲಾರ್ಕ್ ಕುದುರೆಯಿಂದಿಳಿದು ಅವನ ಹೆಗಲ ಮೇಲೆ ಕೈಯಿಟ್ಟು ಮಾತಾಡುವ ಆ ಎರಡು ಪುಟ? ಚೆನ್ನಾಗಿದೆ ಕಣೇ, ಓದಿಸಿಕೊಂಡು ಹೋಗುತ್ತದೆ. ಆದರೂ ತೆಗೆದುಬಿಡು.

ಸಂಭಾಷಣೆ ಇಲ್ಲದಿದ್ದರೆ ಮಕ್ಕಳು ಓದುವುದಿಲ್ಲ ಎಂದು ಪ್ರಕಾಶಕರು ಹೇಳಿದರೆಂದು ಬರೆದಿದ್ದೀ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಅಷ್ಟು ವರ್ಷ ಪಾಠ ಮಾಡಿದವಳು ನಾನು. ಕಥೆ ಹೇಳಿ ಮುಗಿಸಿದ ಕೂಡಲೇ ಒಂದಲ್ಲ ಒಂದು ಮಗು ಎದ್ದು ನಿಲ್ಲುತ್ತಿತ್ತು: ‘ಟೀಚರ್, ಇದು ನಿಜವಾಗಿ ನಡೆದದ್ದಾ?’ ಕಥೆಯಾದರೆ ಕಥೆ ಎನ್ನಬಹುದು. ಚರಿತ್ರೆ ಎಂದು ಹೊದಿಕೆಯ ಮೇಲೆ ಅಚ್ಚು ಹಾಕಿಸಿದ ಮೇಲೆ ಆ ಪ್ರಶ್ನೆಗೆ ಹೌದು ಎನ್ನಲು ಬರಬೇಕು. ಹುಡುಗನ ಪುಟಗಳ ಬಗ್ಗೆ ಕೇಳಿದರೆ ಏನನ್ನುತ್ತೀ?

ನಮ್ಮ ಕಾರ್ಕಳದ ಅನಂತ ಪೈಯವರನ್ನು ನೀನು ಉದಾಹರಿಸಿದ್ದೀ. 1967ರಿಂದ ಇದೇ ಮುಂಬಯಿಯಲ್ಲಿ ಕೂತು ‘ಅಮರ ಚಿತ್ರ ಕಥಾ’ ರೂಪಿಸಿದವರು. ಅವರನ್ನು ಓದಿ ಬೆಳೆದ ಮನೆ ನಮ್ಮದು, ನಿನ್ನಮ್ಮನನ್ನು ಕೇಳು. ಆದರೆ ಚಿತ್ರಕಥೆಯಲ್ಲಿ ಪಾತ್ರದ ಬಾಯಿಂದ ಮಾತು ಬರಲೇಬೇಕು, ಆ ಪ್ರಕಾರವೇ ಅಂಥದ್ದು. ನಿನ್ನ ಕೈಯಲ್ಲಿರುವುದು ಗದ್ಯ. ಗೊತ್ತಿರುವುದು ಎಷ್ಟು, ಹೇಗೆ ಗೊತ್ತು, ಊಹೆ ಎಲ್ಲಿಂದ ಶುರು ಎಂದು ಮಕ್ಕಳಿಗೆ ತೋರಿಸಿಕೊಡಲು ಅದರಲ್ಲಿ ಬೇಕಾದಷ್ಟು ಜಾಗವಿದೆ.

ಆ ಎರಡು ಪುಟಕ್ಕೆ ಏನು ಹಾಕಲಿ ಅನ್ನುತ್ತೀಯಾ? ಕ್ಲಾರ್ಕ್ ಬಂದ ದಾರಿಯನ್ನು ಹಾಕು. ಆಗ ಮುಂಬಯಿ ಒಂದು ದ್ವೀಪ, ಭಾಂಡುಪ್ ಇನ್ನೊಂದರಲ್ಲಿ, ಸಾಲ್ಸೆಟ್‌ನಲ್ಲಿ. ಮಾಹೀಮಿನ ಸೇತುದಾರಿ ತೆರೆದದ್ದು 1845ರಲ್ಲಿ, ಅಂದರೆ ಅವನು ಬಂದು ಎರಡು ವರ್ಷದ ಮೇಲೆ. ಸಾಯನ್‌ನಿಂದ ಕುರ್ಲಾಕ್ಕೆ ದಾಟುವ ದಾರಿ ಮಾತ್ರ ಆ ಶತಮಾನದ ಆರಂಭದಿಂದಲೇ ಇತ್ತು. ಹಾಗಾದರೆ ಅವನು ಯಾವ ಕಡೆಯಿಂದ ಬಂದಿರಬೇಕು? ನಕಾಶೆ ಕೊಟ್ಟು ಮಕ್ಕಳನ್ನೇ ಕೇಳು. ಅವರೇ ಬೆರಳಿಟ್ಟು ತೋರಿಸುತ್ತಾರೆ. ಇದು ನಮ್ಮ ಊಹೆ, ಇಂಥ ಕಾರಣಕ್ಕೆ ಹೀಗೆ ಊಹಿಸಿದೆವು ಎಂದೂ ಕೆಳಗೆ ಬರೆ. ಇನ್ನೊಂದು ವಿಷಯ. ಜೋರು ಮಳೆ ಬಂದರೆ ಇವತ್ತಿಗೂ ಸಾಯನ್–ಕುರ್ಲಾ ನಡುವೆ ಹಳಿ ಮುಳುಗಿ ಲೋಕಲ್ ನಿಲ್ಲುತ್ತದೆ. ಶಾಲೆಗೆ ರಜೆ ಸಿಗುವುದರಿಂದ ಇದು ಇಲ್ಲಿನ ಎಲ್ಲ ಮಕ್ಕಳಿಗೂ ಗೊತ್ತು. ಆ ತಗ್ಗಿನಲ್ಲಿ ಒಂದು ಕಾಲಕ್ಕೆ ಎರಡು ದ್ವೀಪಗಳ ನಡುವಿನ ಖಾಡಿಯ ನೀರು, ಜವುಗು ಇತ್ತು ಎಂದು ಹೇಳಿ ನೋಡು, ಹೇಗೆ ಕಣ್ಣರಳಿಸುತ್ತಾರೆ ಅಂತ. 1850ರ ಅಕ್ಟೋಬರ್ 31ರಂದು ಹಳಿಯ ಕೆಲಸ ಶುರುವಾದದ್ದೂ ಸಾಯನ್ ಹತ್ತಿರವೇ.

ಬೋರಿ ಬಂದರಿನಿಂದ ಮೊದಲ ರೈಲು ಹೊರಟ 1853ರ ಏಪ್ರಿಲ್ 16, ಹದಿನಾಲ್ಕು ಡಬ್ಬಿ, ಸುಮಾರು ನಾನೂರು ಅತಿಥಿಗಳು, ಇಪ್ಪತ್ತೊಂದು ತೋಪು, ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್: ಇದನ್ನೆಲ್ಲ ನೀನು ಸೊಗಸಾಗಿ ಬರೆದಿದ್ದೀ, ಮುಟ್ಟಬೇಡ. ನನಗೆ ಕೊರತೆ ಕಂಡದ್ದು ಮಣ್ಣು ಹೊತ್ತವರ ವಿಷಯದಲ್ಲಿ. ಸಾವಿರಾರು ಮಂದಿ ದುಡಿದಿದ್ದಾರೆ, ನಿನ್ನಲ್ಲಿ ಅವರಿಗೆ ಅರ್ಧ ವಾಕ್ಯ. ಮುಂದೆ ಭೋರ್ ಘಾಟಿನಲ್ಲಿ ಕೂಲಿ ಸರಿಯಾಗಿ ಸಿಗಲಿಲ್ಲವೆಂದು 1859ರಲ್ಲಿ ಕೆಲಸಗಾರರು ತಿರುಗಿಬಿದ್ದರು. ಕಾಲರಾ ಎಷ್ಟೋ ಜನರನ್ನು ಕೊಂಡೊಯ್ದಿತು. ಹೊಸ ಗುತ್ತಿಗೆದಾರ ಸಾಲೊಮನ್ ಟ್ರೆಡ್ವೆಲ್ ಇಂಗ್ಲೆಂಡಿನಿಂದ ಬಂದ ಸ್ವಲ್ಪ ದಿನಕ್ಕೇ ಕಾಯಿಲೆ ಬಿದ್ದು ತೀರಿಹೋದ. ಅವನ ಹೆಂಡತಿ ಆಲಿಸ್ ಗುತ್ತಿಗೆಯನ್ನು ತಾನೇ ವಹಿಸಿಕೊಂಡು ಎಂಜಿನಿಯರರನ್ನಿಟ್ಟು ಕೆಲಸ ಮುಂದುವರಿಸಿದಳು. ಸಾವು, ಜಗಳ ಮಕ್ಕಳಿಗೆ ಬೇಡ ಎಂದು ಬಿಟ್ಟೆಯಾ? ಕೂಲಿ ಬಾಕಿ ಉಳಿಯುವುದು ಎಂದರೇನೆಂದು ನನ್ನ ಕ್ಲಾಸಿನ ಮಕ್ಕಳಿಗೆ ಮನೆಯಿಂದಲೇ ಗೊತ್ತಿತ್ತು. ಅವರಿಗೆ ಹೇಳಬಾರದ್ದು ಅದರಲ್ಲಿ ಏನಿದೆ?

ಮಕ್ಕಳ ಪುಸ್ತಕವಾದ ಮೇಲೆ ‘ದೊಡ್ಡ’ ಪುಸ್ತಕ ಬರೆಯುತ್ತೇನೆ ಎಂಬ ನಿನ್ನ ಸಾಲು ಮಾತ್ರ ನನಗೆ ಹಿಡಿಸಲಿಲ್ಲ. ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ತಂದರು, ಅದನ್ನೇನು ಸಣ್ಣ ಕೆಲಸ ಎಂದುಕೊಂಡು ಮಾಡಿದರೇ? ನಿರಂಜನರು ‘ಜ್ಞಾನ ಗಂಗೋತ್ರಿ’ಯ ಏಳು ಸಂಪುಟಗಳಿಗಾಗಿ ವಿಷಯ ಬಲ್ಲವರನ್ನೆಲ್ಲ ಒಟ್ಟುಗೂಡಿಸಿದರು. ಅವು ಕನ್ನಡದ ಮಕ್ಕಳ ಮನೆಗೆ ಇಡೀ ಲೋಕವನ್ನು ತಂದುಕೊಟ್ಟವು. ಮಗು ನಿಂತ ನೆಲದ ಚರಿತ್ರೆ, ಅದರಲ್ಲೂ ಊರು ಬಿಟ್ಟು ಬಂದ ನಮ್ಮಂಥವರ ಮಕ್ಕಳು ಬೆಳೆಯುವ ನೆಲದ ಚರಿತ್ರೆ, ಕನ್ನಡದಲ್ಲಿ ಇನ್ನೂ ಬರೆಯುವುದಕ್ಕಿದೆ. ನೀನು ಕೈಹಾಕಿರುವುದು ಅದಕ್ಕೆ.

ಎರಡನೆಯ ಅಧ್ಯಾಯಕ್ಕೆ ಮೊದಲು ಒಮ್ಮೆ ಬಂದು ಹೋಗು. ಸಿ.ಎಸ್.ಎಂ.ಟಿ.ಯಿಂದ ಠಾಣೆಯವರೆಗೆ ಸ್ಲೋ ಲೋಕಲಿನಲ್ಲೇ ಹೋಗೋಣ, ಮಧ್ಯಾಹ್ನ ಕಿಟಕಿ ಪಕ್ಕ ಸೀಟು ಸಿಗುತ್ತದೆ. ಭಾಂಡುಪ್ ದಾಟುವಾಗ ಪಶ್ಚಿಮಕ್ಕೆ ಗುಡ್ಡ, ಪೂರ್ವಕ್ಕೆ ಉಪ್ಪಿನ ಆಗರ, ಅದರಾಚೆ ಠಾಣೆಯ ಖಾಡಿ. ನಿನ್ನ ಚಿತ್ರಕಾರ ಗುಡ್ಡವನ್ನು ಪೂರ್ವಕ್ಕೆ ಹಾಕಿದ್ದಾರೆ, ಈಗಲೇ ತಿದ್ದಿಸು.

ನಿನ್ನ,
ದೊಡ್ಡಮ್ಮ