ದೇರಾದಿಂದ ಉಮ್ಮನಿಗೊಂದು ಕರೆ

ದುಬೈಗೆ ಮೊದಲ ಸಲ ಹೊರಟಿದ್ದೀರಾ? ಹಾಗಾದರೆ, "ಇಳಿದ ಕೂಡಲೇ ವಾಟ್ಸಾಪ್‌ನಲ್ಲಿ ಕರೆ ಮಾಡುತ್ತೇನೆ" ಎಂದು ಮನೆಯವರಿಗೆ ಮಾತು ಕೊಡಬೇಡಿ. ಅಲ್ಲಿ ವಾಟ್ಸಾಪ್‌ನಲ್ಲಿ ಸಂದೇಶ, ಫೋಟೋ ಎಲ್ಲ ಹೋಗುತ್ತದೆ. ಕರೆ ಮಾತ್ರ ಸಾಮಾನ್ಯವಾಗಿ ಹೋಗುವುದಿಲ್ಲ. ಇಂಟರ್‌ನೆಟ್ ಕರೆಗೆ ಅಲ್ಲಿ ಪರವಾನಗಿ ಪಡೆದ ಆ್ಯಪ್‌ಗಳೇ ಆಗಬೇಕು. ನನಗಿದು ಗೊತ್ತಿರಲಿಲ್ಲ. ಮೊದಲ ರಾತ್ರಿ ದೇರಾದ ಕೋಣೆಯಲ್ಲಿ ಗಂಟೆ ಹತ್ತು, ಊರಲ್ಲಿ ಹನ್ನೊಂದೂವರೆ. ಉಮ್ಮ ಫೋನ್ ಹಿಡಿದು ಕಾದೇ ಕೂತಿದ್ದರು.

ಇದೇ ದೇರಾದಲ್ಲಿ ಒಂದು ಕಾಲದಲ್ಲಿ ನಮ್ಮ ಬಾಪ ದುಡಿಯುತ್ತಿದ್ದರು. ಅಂಗಡಿಯಿಂದ ಟೆಲಿಫೋನ್ ಕಾರ್ಡ್ ಕೊಂಡು, ಬೆಳ್ಳಿಪಟ್ಟಿ ಉಜ್ಜಿ, ಆ ಉದ್ದನೆಯ ಸಂಖ್ಯೆ ಒತ್ತಿ ಕರೆ ಮಾಡುತ್ತಿದ್ದರು. ನಾವು ಮಕ್ಕಳು ರಿಸೀವರ್‌ಗಾಗಿ ಜಗಳವಾಡಿ, ಉಮ್ಮನ ಸರದಿ ಬರುವಷ್ಟರಲ್ಲಿ ಕಾರ್ಡ್ ಮುಗಿದಿರುತ್ತಿತ್ತು. ಉಮ್ಮ ಏನೂ ಹೇಳುತ್ತಿರಲಿಲ್ಲ, ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

ಆದ್ದರಿಂದ ಹೊರಡುವ ಮೊದಲೇ ಬೋಟಿಮ್‌ನಂಥ ಪರವಾನಗಿಯ ಆ್ಯಪನ್ನು ನಿಮ್ಮ ಫೋನಿಗೂ ಮನೆಯವರ ಫೋನಿಗೂ ಹಾಕಿ, ಒಮ್ಮೆ ಮಾತಾಡಿ ನೋಡಿ. ಊರಿನ ಸಿಮ್‌ನ ರೋಮಿಂಗ್ ಡೇಟಾ ಆಫ್ ಮಾಡಿಡಿ. "ವಿಪಿಎನ್ ಹಾಕಿದರಾಯಿತು" ಎನ್ನುವವರೂ ಸಿಗುತ್ತಾರೆ. ಕಿವಿಗೊಡಬೇಡಿ, ಅದನ್ನು ಬಳಸಿ ಅಪರಾಧವೆಸಗಿದರೆ ಅಲ್ಲಿನ ದಂಡ 5 ಲಕ್ಷ ದಿರ್ಹಮ್‌ನಿಂದ ಆರಂಭ.

ಇನ್ನೊಂದು, ಅಕ್ಷರ ಬಾರದ ಹಿರಿಯರಿಗೆ ಮೈಕಿನ ಗುರುತು ಒತ್ತಿ ಮಾತಾಡಿ ಕಳಿಸಲು ಕಲಿಸಿ. ವಾಟ್ಸಾಪ್‌ನ ಆ ಧ್ವನಿ ಸಂದೇಶಕ್ಕೆ ಅಲ್ಲಿ ಅಡ್ಡಿಯಿಲ್ಲ. ಮರುದಿನ ಉಮ್ಮ ಏಳು ನಿಮಿಷದ್ದೊಂದು ಕಳಿಸಿದರು. ಅದರಲ್ಲಿ ನಾಲ್ಕು ನಿಮಿಷ ಮರಿ ಹಾಕಿದ ಬೆಕ್ಕಿನ ಸುದ್ದಿಯೇ!